ಅಂಗಡಿಯ ಸೇಬಿನ ರಸದಿಂದ ಸೈಡರ್: ದಿನ ಎಣಿಸಬೇಡಿ

ಮಂಗಳೂರಿನ ನಮ್ಮ ಮನೆಯಲ್ಲಿ ಕ್ರಿಸ್ಮಸ್ ವೈನಿಗೆ 21 ದಿನದ ಲೆಕ್ಕ. ಅಮ್ಮ ಕಪ್ಪು ದ್ರಾಕ್ಷಿ, ಸಕ್ಕರೆ, ಒಂದು ಹಿಡಿ ಗೋಧಿ, ಲವಂಗ ಹಾಕಿ ಭರಣಿಯ ಬಾಯಿಗೆ ಬಟ್ಟೆ ಕಟ್ಟುತ್ತಿದ್ದರು. ದಿನಾ ಮರದ ಸೌಟಿನಲ್ಲಿ ತಿರುವುವ ಕೆಲಸ ನನ್ನದು. ಈಗ ನಾನಿರುವುದು ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ. ಪಕ್ಕದ ಸಾಮರ್‌ಸೆಟ್ ಸೈಡರಿಗೇ, ಅಂದರೆ ಸೇಬಿನ ರಸ ಹುದುಗಿಸಿದ ಮದ್ಯಕ್ಕೇ, ಹೆಸರಾದ ಸೀಮೆ, ಆದರೆ ನನಗೆ ಸೇಬಿನ ತೋಟವಿಲ್ಲ. ಸೂಪರ್‌ಮಾರ್ಕೆಟ್‌ನ ಒಂದು ಲೀಟರಿನ ರಸದ ಡಬ್ಬ ಐದು ಸಿಕ್ಕರೆ ನನ್ನ ಕೆಲಸ ಆಗುತ್ತದೆ.

ಮೊದಲು ಡಬ್ಬ ತಿರುಗಿಸಿ ಹಿಂದೆ ಬರೆದದ್ದನ್ನು ಓದಿ. ಪೊಟ್ಯಾಸಿಯಂ ಸೋರ್ಬೇಟ್, ಸೋಡಿಯಂ ಬೆಂಜೊಯೇಟ್ ಎಂದಿದ್ದರೆ ವಾಪಸು ಇಟ್ಟುಬಿಡಿ. ಅವು ಯೀಸ್ಟನ್ನು ಬೆಳೆಯಗೊಡುವುದಿಲ್ಲ. ವಿಟಮಿನ್ ಸಿ ಇದ್ದರೆ ಅಡ್ಡಿಯಿಲ್ಲ. ಅಲ್ಲೇ ಸಕ್ಕರೆಯ ಅಂಶವನ್ನೂ ನೋಡಿ: ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ಪೂರ್ತಿ ಹುದುಗಿದರೆ ಶೇ 1ರಷ್ಟು ಆಲ್ಕೋಹಾಲ್. ಸೇಬಿನ ರಸದಲ್ಲಿ 100 ಮಿ.ಲೀ.ಗೆ 10–11 ಗ್ರಾಂ ಇರುವುದರಿಂದ ಸೈಡರ್ ಶೇ 6ರ ಆಸುಪಾಸಿಗೆ ತಾನೇ ಬರುತ್ತದೆ. ಸಕ್ಕರೆ ಸೇರಿಸಬೇಡಿ, ಸೇಬಿನ ಪರಿಮಳ ತೆಳುವಾಗುತ್ತದೆ.

ನಾಲ್ಕೂವರೆ ಲೀಟರಿನ ಗಾಜಿನ ಡೆಮಿಜಾನ್ (ಕಿರಿದಾದ ಕುತ್ತಿಗೆಯ ದೊಡ್ಡ ಬಾಟಲಿ), ಅದರ ಬಾಯಿಗೆ ನೀರು ತುಂಬಿ ಸಿಕ್ಕಿಸುವ ಏರ್‌ಲಾಕ್ (ಅನಿಲ ಹೊರಬಿಟ್ಟು ಗಾಳಿ ಒಳಬರದಂತೆ ತಡೆಯುವ ಮುಚ್ಚಳ), ಲಾಳಿಕೆ, ಎಲ್ಲವನ್ನೂ ತೊಳೆದು ಸ್ಯಾನಿಟೈಸರ್ ದ್ರಾವಣದಲ್ಲಿ ಅದ್ದಿ ತೆಗೆಯಿರಿ. ಇದರಲ್ಲಿ ಮಾತ್ರ ಸೋಮಾರಿತನ ಬೇಡ. ಕೊಳೆ ಉಳಿದರೆ ಸಿಗುವುದು ವಿನೆಗರ್. ನಾಲ್ಕು ಲೀಟರ್ ರಸ ಸುರಿದು, ಹಾಲು ಹಾಕದ ಗಟ್ಟಿ ಚಹಾ ಒಂದು ಲೋಟ ಆರಿಸಿ ಸೇರಿಸಿ. ಸೈಡರಿಗೆಂದೇ ಬೆಳೆಯುವ ಸೇಬಿನಲ್ಲಿರುವ ಒಗರು ಡಬ್ಬದ ರಸದಲ್ಲಿ ಇರುವುದಿಲ್ಲ. ಆ ಒಗರನ್ನು ಚಹಾ ಕೊಡುತ್ತದೆ. ಆಮೇಲೆ ವೈನ್ ಯೀಸ್ಟ್, 5 ಗ್ರಾಂ ಪೊಟ್ಟಣ. ಬ್ರೆಡ್ಡಿನ ಯೀಸ್ಟಿನಲ್ಲೂ ಹುದುಗುತ್ತದೆ, ಆದರೆ ಬಾಯಲ್ಲಿ ಹಿಟ್ಟಿನ ವಾಸನೆ ಉಳಿಯುತ್ತದೆ. ಎರಡು ಮೂರು ದಿನದಲ್ಲಿ ನೊರೆ ಇಳಿದ ಮೇಲೆ ಉಳಿದ ರಸವನ್ನು ಕುತ್ತಿಗೆಯವರೆಗೆ ತುಂಬಿ. 18ರಿಂದ 22 ಡಿಗ್ರಿ ಸೆಲ್ಸಿಯಸ್ ಸಾಕು. ಬಿಸಿಲು ಬೀಳದಿರಲಿ.

ನಾನು ತಪ್ಪಿದ್ದು ಮುಂದಿನ ಹಂತದಲ್ಲಿ. ಮೊದಲ ಸಲ ಅಮ್ಮನ ಹಾಗೆ ದಿನ ಎಣಿಸಿದೆ. ಹದಿನಾಲ್ಕಾಯಿತು, ಗುಳ್ಳೆ ನಿಂತಿದೆ ಎಂದು ಗಾಜಿನ ಬಾಟಲಿಗೆ ತುಂಬಿ ಬಿಗಿದಿಟ್ಟೆ. ಅದು ಜನವರಿ. ಚಳಿಗೆ ಯೀಸ್ಟ್ ಮಲಗಿತ್ತಷ್ಟೇ. ಮನೆ ಬೆಚ್ಚಗಾದಾಗ ಮತ್ತೆ ಎದ್ದು, ಒಂದು ರಾತ್ರಿ ಕಪಾಟಿನೊಳಗೆ ಬಾಟಲಿ ಸಿಡಿಯಿತು. ಗಾಜಿನ ಚೂರು ಬಾಗಿಲ ಹಲಗೆಯಲ್ಲಿ ನಾಟಿತ್ತು. ಆ ಹೊತ್ತಿಗೆ ಮಗಳು ಅಲ್ಲಿರಲಿಲ್ಲ ಎನ್ನುವುದನ್ನು ನೆನೆದರೆ ಇವತ್ತಿಗೂ ಎದೆ ಝಲ್ಲೆನ್ನುತ್ತದೆ. ಅಮ್ಮನ ಭರಣಿಗೆ ಬಟ್ಟೆಯ ಬಾಯಿ, ಅನಿಲ ತಾನಾಗಿ ಹೋಗುತ್ತಿತ್ತು. ಬಿಗಿದ ಬಾಟಲಿಯಲ್ಲಿ ದಿನದ ಲೆಕ್ಕ ನಡೆಯುವುದಿಲ್ಲ. ಹೈಡ್ರೋಮೀಟರ್ (ನೀರಿಗೆ ಹೋಲಿಸಿ ದ್ರವದ ಸಾಂದ್ರತೆ ತೋರಿಸುವ ತೇಲುಕೊಳವೆ, ಸಕ್ಕರೆ ಹುದುಗಿದಂತೆ ಅಂಕಿ ಇಳಿಯುತ್ತದೆ) ಇಳಿಬಿಡಿ: ಶುರುವಿಗೆ 1.045ರ ಹತ್ತಿರ ಇದ್ದದ್ದು 1.000ಕ್ಕೂ ಕೆಳಗಿಳಿದು, ಮೂರು ದಿನ ಬಿಟ್ಟು ನೋಡಿದಾಗಲೂ ಅಷ್ಟೇ ಇದ್ದರೆ ಮುಗಿಯಿತೆಂದು ಅರ್ಥ.

ಗಸಿ ಕಲಕದಂತೆ ಕೊಳವೆಯಲ್ಲಿ ತಿಳಿಯನ್ನಷ್ಟೇ ಇಳಿಸಿಕೊಳ್ಳಿ. ನೊರೆಗುಟ್ಟುವ ಸೈಡರ್ ಬೇಕಿದ್ದರೆ ಅರ್ಧ ಲೀಟರಿಗೆ ಮಟ್ಟಸ ಅರ್ಧ ಟೀ ಚಮಚ ಸಕ್ಕರೆ, ಹೆಚ್ಚು ಬೇಡ. ಸೋಡಾ ಬರುವ ಪ್ಲಾಸ್ಟಿಕ್ ಬಾಟಲಿಯನ್ನೇ ಬಳಸಿ. ಒತ್ತಿದರೆ ಕಲ್ಲಿನಂತೆ ಗಟ್ಟಿಯಾಗಿದ್ದಾಗ ಫ್ರಿಜ್ಜಿಗೆ ಸೇರಿಸಿ.

ಇಲ್ಲಿ ಮನೆಬಳಕೆಗೆ ಮಾಡಿಕೊಳ್ಳಲು ಪರವಾನಗಿ ಬೇಡ. ಮಾರುವ ಹಾಗಿಲ್ಲ, ಭಟ್ಟಿ ಇಳಿಸುವಂತೆಯೂ ಇಲ್ಲ. ಊರಿನಲ್ಲಿ ಮಾಡುವವರು ಅಬಕಾರಿ ನಿಯಮ ತಿಳಿದುಕೊಂಡೇ ಕೈ ಹಾಕಿ.

ಇದೇ ಡೆಮಿಜಾನಿನಲ್ಲಿ ವೈನೂ ಆಗುತ್ತದೆ. ಕೆಂಪು ದ್ರಾಕ್ಷಿ ರಸದಲ್ಲಿ 100 ಮಿ.ಲೀ.ಗೆ 16 ಗ್ರಾಂ ಸಕ್ಕರೆ ಇದ್ದರೆ ನಾಲ್ಕು ಲೀಟರಿಗೆ ಇನ್ನೂ 200 ಗ್ರಾಂ ಕರಗಿಸಿ, ಶೇ 12ರ ಹತ್ತಿರ ಬರುತ್ತದೆ. ಒಂದು ಟೀ ಚಮಚ ಯೀಸ್ಟ್ ನ್ಯೂಟ್ರಿಯೆಂಟ್ (ಯೀಸ್ಟಿಗೆ ಪೋಷಣೆ ಕೊಡುವ ಪುಡಿ) ಹಾಕಿ. ತಿಳಿ ಇಳಿಸಿದ ಮೇಲೆ ಮೂರು ತಿಂಗಳು ಮುಟ್ಟಬೇಡಿ. ಲವಂಗ ಹಾಕುವುದಾದರೆ ಆಗ ಹಾಕಿ, ಎರಡೇ ಎರಡು. ಅಮ್ಮ ಐದಾರು ಹಾಕುತ್ತಿದ್ದರು, ಆದರೆ ಅದು ಹತ್ತು ಲೀಟರಿನ ಭರಣಿ.