‘ಸಿಸ್ಕೋ, ಯೂಟಾ’ ಎಂದಷ್ಟೇ ಇರುವ ಶೀಟನ್ನು ನಕ್ಷೆಗೆ ತಂದದ್ದು: ನನ್ನ ಅನುಭವ

ಒಣಗಿಸಿದ ಗಿಡವನ್ನು ಅಂಟಿಸಿಟ್ಟ ಶೀಟಿನಲ್ಲಿ ಊರಿನ ಹೆಸರೊಂದೇ ಇರುವ ಲೇಬಲ್‌ಗೆ ಅಕ್ಷಾಂಶ ಕೂರಿಸಲು ಆಗದು, ಪಟ್ಟಿಯಿಂದಲೇ ಕೈಬಿಡಿ ಎಂದವರೇ ಹೆಚ್ಚು. ಅಮೆರಿಕದ ಯೂಟಾದ ಕ್ಯಾನ್ಯನ್ ಸೀಮೆಯ ಝೈಲೋರೈಝಾ ವೆನುಸ್ಟಾ ಎಂಬ ಸೇವಂತಿಗೆ ಕುಟುಂಬದ ಗಿಡದ ಮಟ್ಟಿಗೆ ಆಗುತ್ತದೆ. ಹಾಗೆ ಕೈಬಿಟ್ಟಿದ್ದ ಶೀಟುಗಳಲ್ಲಿ ಸುಮಾರು ಅರ್ಧದಷ್ಟು ಈಗ ನಕ್ಷೆಯಲ್ಲಿವೆ.

ಮೊದಲು ಹೆಸರು. ಆಸ್ಟರ್ ವೆನುಸ್ಟಸ್, ಮಕೆರಾಂಥೆರಾ ವೆನುಸ್ಟಾ, ಝೈಲೋರೈಝಾ ವೆನುಸ್ಟಾ, ಇವು ಒಂದೇ ಗಿಡದ ಹೆಸರುಗಳು, ಮೂರನ್ನೂ ಹುಡುಕಬೇಕು. 1957ರಲ್ಲಿ ಸಸ್ಯವಿಜ್ಞಾನಿಗಳಾದ ಕ್ರಾನ್‌ಕ್ವಿಸ್ಟ್ ಮತ್ತು ಕೆಕ್ ಈ ಗುಂಪನ್ನು ಮಕೆರಾಂಥೆರಾ ಕುಲಕ್ಕೆ ಸೇರಿಸಿದರು, 1977ರಲ್ಲಿ ವಾಟ್ಸನ್ ಮತ್ತೆ ಹೊರತಂದರು. ನಡುವಿನ ಶೀಟುಗಳು ಇನ್ನೂ ಹಳೇ ಫೋಲ್ಡರಿನಲ್ಲೇ ಕೂತಿರುತ್ತವೆ. ಯೂಟಾದ ಮೋಆಬ್ ಊರಿನ ಸುತ್ತಿನವುಗಳ ಚಿತ್ರ ತೆರೆದು ಎಲೆ ನೋಡಲೇಬೇಕು: ದಾರದಷ್ಟು ಕಿರಿದಾದರೆ ಅದು ಹತ್ತಿರದ ನೆಂಟ ಝೈಲೋರೈಝಾ ಲಿನಿಯಾರಿಫೋಲಿಯಾ ಇರಬಹುದು.

ಇನ್ನು ಕೆಲಸದ ತಿರುಳು. ಊರಿನಿಂದ ಶುರು ಮಾಡಬೇಡಿ, ಸಂಗ್ರಾಹಕರಿಂದ ಶುರು ಮಾಡಿ. ಅವರು ಆ ವಾರ ಕಿತ್ತ ಎಲ್ಲ ಗಿಡಗಳನ್ನೂ, ಯಾವ ಜಾತಿಯಾದರೂ ಸರಿ, ಇಳಿಸಿಕೊಂಡು ತಾರೀಖಿನ ಪ್ರಕಾರ ಜೋಡಿಸಿ. ನಮ್ಮ ಶೀಟಿನಲ್ಲಿ ‘ಸಿಸ್ಕೋ’ ಅಂತಷ್ಟೇ ಇದ್ದರೂ, ಅದೇ ದಿನ ಕಿತ್ತ ಬೇರೆ ಗಿಡದ, ಉದಾಹರಣೆಗೆ ಆಸ್ಟ್ರಾಗಲಸ್‌ನ, ಶೀಟಿನಲ್ಲಿ ಎತ್ತರವೋ ಹಳ್ಳದ ಹೆಸರೋ ಸಿಗುತ್ತದೆ. ಸಿಸ್ಕೋ ರೈಲು ನಿಲ್ದಾಣದ ಊರು. ಹಳಬರ ಓಡಾಟವನ್ನು ಹಳಿಯ ಗುಂಟ ಹಿಡಿದರೆ ದಾರಿ ತಾನಾಗಿ ಕಾಣುತ್ತದೆ. ಸಂಗ್ರಾಹಕರು ಶೀಟಿಗೆ ಹಾಕಿದ ನಂಬರನ್ನು ಮಾತ್ರ ಕಣ್ಣುಮುಚ್ಚಿ ನಂಬಬೇಡಿ, ಮನೆಗೆ ಬಂದ ಮೇಲೆ ನಂಬರು ಹಾಕಿದವರೂ ಇದ್ದಾರೆ.

ಕೆಡುವುದು ಸಣ್ಣಪುಟ್ಟ ಕಡೆ. 5/2 (ಅಮೆರಿಕದ ರೂಢಿಯಲ್ಲಿ ತಿಂಗಳು ಮೊದಲು) ಎಂಬುದು ಫೆಬ್ರವರಿ 5 ಎಂದು ನಮೂದಾಗಿರುತ್ತದೆ; ಗಿಡ ಹೂಬಿಡುವುದು ವಸಂತದಲ್ಲಿ, ಹಾಗಾಗಿ ಶೀಟಿನಲ್ಲಿ ಅರಳಿದ ಹೂವಿದ್ದರೆ ಮೇ 2 ಎಂದೇ ನನ್ನ ಲೆಕ್ಕ. 4,400 ಅಡಿ ಎತ್ತರ 4,400 ಮೀಟರ್ ಆಗಿರುತ್ತದೆ. ಯೂಟಾದ ಅತಿ ಎತ್ತರದ ಶಿಖರವೂ ಅಷ್ಟಿಲ್ಲ. ಟೌನ್‌ಶಿಪ್ (ಆರು ಮೈಲಿ ಬದಿಯ ಸರ್ವೆ ಚೌಕ) ಮಾತ್ರ ಕೊಟ್ಟಿದ್ದರೆ ಅನಿಶ್ಚಿತತೆ 6.8 ಕಿ.ಮೀ., ಸೆಕ್ಷನ್ (ಅದರೊಳಗಿನ ಒಂದು ಮೈಲಿ ಬದಿಯ ಚೌಕ) ಕೊಟ್ಟಿದ್ದರೆ 1.1 ಕಿ.ಮೀ. ಇದು ಕೇಂದ್ರದಿಂದ ಮೂಲೆಗಿರುವ ದೂರ. ಹಳೇ ನಕ್ಷೆಯಿಂದ ತೆಗೆದ ಯುಟಿಎಂ ಅಂಕಿಗೆ (ಮೀಟರಿನಲ್ಲಿ ಜಾಗ ಹೇಳುವ ಗ್ರಿಡ್) ಎನ್‌ಎಡಿ27, ಅಂದರೆ 1927ರ ಹಳೇ ಭೂಮಾಪನ ಆಧಾರ, ಎಂದು ನಮೂದಿಸದಿದ್ದರೆ ಬಿಂದು ಉತ್ತರ-ದಕ್ಷಿಣವಾಗಿ ಸುಮಾರು 200 ಮೀಟರ್ ಜಾರುತ್ತದೆ. ಇಳಿಜಾರಿನ ಬುಡದ ಜೇಡಿಯಲ್ಲಿದ್ದ ಗಿಡ ಬಂಡೆಯ ನೆತ್ತಿ ಏರಿ ಕೂರಲು ಅಷ್ಟು ಸಾಕು.

ಪಕ್ಕದಲ್ಲಿ ಇನ್ನೊಂದು ಪ್ರಯೋಗವನ್ನೂ ಮಾಡಿದೆ: ಬಿಂದುಗಳನ್ನು ಭೂವಿಜ್ಞಾನ ನಕ್ಷೆಯ ಮೇಲೆ ಹಾಸುವುದು. ಸೆಲೆನಿಯಂ ಇರುವ ಮ್ಯಾಂಕೋಸ್ ಶೇಲ್ ಎಂಬ ಶಿಲಾಪದರದ ಬೂದು ಜೇಡಿ ಈ ಗಿಡಕ್ಕೆ ಇಷ್ಟ. ಬಿಂದು ಕೆಂಪು ಮರಳುಗಲ್ಲಿನ ಮೇಲೆ ಬಿದ್ದರೆ ಅನುಮಾನದ ಗುರುತು ಹಾಕುತ್ತೇನೆ, ಅಳಿಸುವುದಿಲ್ಲ. ಬೇರೆ ಜೇಡಿ ಪದರಗಳಲ್ಲೂ ಅದು ಬರುತ್ತದೆ. ಜೇಡಿಯ ಅಂಚು, ಹಳಿಯಿಂದ ದೂರ, ಎತ್ತರ, ಈ ಮೂರಕ್ಕೆ ಎಷ್ಟೆಷ್ಟು ತೂಕ ಕೊಡುತ್ತೇನೆ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಂಡಿದ್ದೇನೆ.

ದುಡ್ಡಿನ ಮಾತು. ಲೇಬಲ್ಲಿನ ಜಾಗವನ್ನು ಅಕ್ಷಾಂಶ-ರೇಖಾಂಶಕ್ಕೆ ತರುವ ಜಿಯೋಲೊಕೇಟ್ ತಂತ್ರಾಂಶ ಪುಕ್ಕಟೆ, ಅಮೆರಿಕದ ಸರ್ವೆ ಇಲಾಖೆಯ ಹಳೇ ನಕ್ಷೆಗಳೂ ಪುಕ್ಕಟೆ. ಖರ್ಚೆಲ್ಲ ಸಹಾಯಕರ ಕೂಲಿಗೆ. ದಾಖಲೆಗಿಷ್ಟು ಎಂದು ಕೊಟ್ಟರೆ ಸುಲಭದವು ಮುಗಿದು ಕಷ್ಟದವೆಲ್ಲ ಕೌಂಟಿಯ (ಜಿಲ್ಲೆಯಂಥ ಆಡಳಿತ ಪ್ರದೇಶದ) ನಡುಬಿಂದುವಿಗೆ ಹೋಗಿ ಬೀಳುತ್ತವೆ. ಗಂಟೆಗಿಷ್ಟು ಎಂದು ಕೊಡಿ, ಒಬ್ಬ ಸಂಗ್ರಾಹಕರ ಪೂರ್ತಿ ಕಂತೆಯನ್ನು ಒಬ್ಬರಿಗೇ ವಹಿಸಿ.