ಉರಿಯ ತಾಪ ಇಳಿಸಿ ನಾಕ್ಸ್ ತಗ್ಗಿಸುವುದು: ಇಂಧನ ಅನಿಲಕ್ಕೆ ಬೆರಕೆ ಹಾಕುವ ಕ್ರಮ

ಮೀಥೇನ್ ಸರಿಯಾದ ಪ್ರಮಾಣದ ಗಾಳಿಯಲ್ಲಿ ಉರಿದರೆ ಜ್ವಾಲೆ ಸುಮಾರು 1,950 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಬಲ್ಲದು. 1,500 ಡಿಗ್ರಿ ದಾಟಿದ ಮೇಲೆ ಗಾಳಿಯಲ್ಲಿನ ಸಾರಜನಕವೇ ಆಮ್ಲಜನಕದೊಡನೆ ಕೂಡಿ ನೈಟ್ರೋಜನ್ ಆಕ್ಸೈಡ್ ಆಗತೊಡಗುತ್ತದೆ. ಗಾಳಿಯನ್ನು ಕೆಡಿಸುವ ಇದೇ ನಾಕ್ಸ್ (NOx). ಇಂಧನದಲ್ಲಿ ಉರಿಯದ ಅನಿಲ ಬೆರೆತಿದ್ದರೆ ಅದನ್ನೂ ಕಾಯಿಸಲು ಶಾಖ ಖರ್ಚಾಗಿ, ಜ್ವಾಲೆ ತಣಿಯುತ್ತದೆ.

ಜ್ವಾಲೆಯ ತಾಪದಲ್ಲಿ ಇಂಗಾಲದ ಡೈಆಕ್ಸೈಡ್ ಅಷ್ಟೇ ಗಾತ್ರದ ಸಾರಜನಕಕ್ಕಿಂತ ಒಂದೂವರೆ ಪಟ್ಟಿಗೂ ಹೆಚ್ಚು ಶಾಖ ಹೀರುತ್ತದೆ. ಹಾಗಾಗಿ ಅದರ ಬೆರಕೆ ಹೆಚ್ಚು ಪರಿಣಾಮಕಾರಿ. ಹಬೆಯೂ ಆದೀತು, ಆದರೆ ಪೈಪಿನಲ್ಲಿ ನೀರಾಗದಂತೆ ಬಿಸಿಯಾಗಿಡಬೇಕು. ಇಂಧನದ ಪೈಪಿಗೆ ಗಾಳಿಯನ್ನು ಮಾತ್ರ ಬೆರೆಸಲೇಬೇಡಿ. ಮೀಥೇನ್ ಗಾಳಿಯಲ್ಲಿ ಶೇ 5ರಿಂದ 15ರಷ್ಟಿದ್ದರೆ ಪೈಪಿನೊಳಗೇ ಸ್ಫೋಟಿಸಬಲ್ಲದು.

ಮೊದಲು ಬೆರಕೆಯಿಲ್ಲದೆ ಬರ್ನರ್ ಉರಿಸಿ, ಕುಲುಮೆಯ ತಾಪ ಒಂದೇ ಮಟ್ಟದಲ್ಲಿ ನಿಂತ ಮೇಲೆ ಹೊಗೆಯಲ್ಲಿನ ಆಮ್ಲಜನಕ, ಕಾರ್ಬನ್ ಮಾನಾಕ್ಸೈಡ್, ನಾಕ್ಸ್ ಅಳೆದು ಬರೆದಿಡಿ. ಆಮ್ಲಜನಕ ಶೇ 3ರ ಆಸುಪಾಸಿನಲ್ಲಿರಲಿ. ನಂತರ ಬೆರಕೆಯನ್ನು ಶೇ 5ರಂತೆ ಏರಿಸುತ್ತ, ಪ್ರತಿ ಸಲವೂ ತಾಪ ಒಂದೇ ಮಟ್ಟಕ್ಕೆ ಬರುವವರೆಗೆ ಕಾದು ಅಳೆಯಿರಿ.

ಹೆಚ್ಚಿನವರು ಎಡವುವುದು ಇಲ್ಲೇ. ಶೇ 60 ಮೀಥೇನ್, ಶೇ 40 ಇಂಗಾಲದ ಡೈಆಕ್ಸೈಡ್ ಇರುವ ಮಿಶ್ರಣವನ್ನು ಅದೇ ಜೆಟ್ (ಅನಿಲ ಚಿಮ್ಮುವ ಕಿರುರಂಧ್ರದ ಮೂತಿ), ಅದೇ ಒತ್ತಡದಲ್ಲಿ ಬಿಟ್ಟರೆ ಸಿಗುವ ಶಾಖ ಮೊದಲಿನ ಅರ್ಧಕ್ಕಿಂತ ಕಡಿಮೆ. ಆಗ ನಾಕ್ಸ್ ಇಳಿದರೆ ಅದರಲ್ಲಿ ಬೆರಕೆಯ ಪಾಲೆಷ್ಟು, ಉರಿ ಕುಗ್ಗಿದ್ದರ ಪಾಲೆಷ್ಟು ಎಂದು ಹೇಳಲಾಗದು. ಜೆಟ್‌ನ ರಂಧ್ರ ಹಿಗ್ಗಿಸಿ ಇಲ್ಲವೇ ಒತ್ತಡ ಏರಿಸಿ, ಗಂಟೆಗೆ ಉರಿಯುವ ಮೀಥೇನ್ ಬದಲಾಗದಂತೆ ನೋಡಿಕೊಳ್ಳಿ. ಬಳಿಕ ಗಾಳಿಯ ಹರಿವು ಹೊಂದಿಸುವ ಡ್ಯಾಂಪರ್‌ನಿಂದ ಆಮ್ಲಜನಕವನ್ನು ಮತ್ತೆ ಶೇ 3ಕ್ಕೆ ತನ್ನಿ.

ನಾಕ್ಸ್‌ನ ಪಿಪಿಎಂ (ಹತ್ತು ಲಕ್ಷಕ್ಕೆ ಎಷ್ಟು ಪಾಲು) ಅಂಕಿಯನ್ನು ಶೇ 3 ಆಮ್ಲಜನಕಕ್ಕೆ ಹೊಂದಿಸಲು 17.9ರಿಂದ ಗುಣಿಸಿ, 20.9ರಲ್ಲಿ ಅಳತೆಯ ಆಮ್ಲಜನಕ ಕಳೆದು ಉಳಿದದ್ದರಿಂದ ಭಾಗಿಸಿ. ಆಮ್ಲಜನಕ ಶೇ 5, ನಾಕ್ಸ್ 80 ಪಿಪಿಎಂ ಇದ್ದರೆ ಉತ್ತರ 90. ಆದರೂ ಲೆಕ್ಕ ಮುಗಿಯಲಿಲ್ಲ: ಮೇಲಿನ 60-40 ಮಿಶ್ರಣದಲ್ಲಿ ಬೆರಕೆ ಅನಿಲವೇ ಒಣ ಹೊಗೆಯನ್ನು (ನೀರಾವಿ ಬಿಟ್ಟು ಉಳಿದದ್ದನ್ನು) ಸುಮಾರು ಶೇ 8ರಷ್ಟು ಹಿಗ್ಗಿಸುತ್ತದೆ. ಒಂದು ಕಣ ನಾಕ್ಸ್ ಕಡಿಮೆಯಾಗದಿದ್ದರೂ ಪಿಪಿಎಂ ಇಳಿದಂತೆ ಕಾಣುತ್ತದೆ. ಉತ್ಪಾದಿಸಿದ ಶಾಖದ ಪ್ರತಿ ಮೆಗಾಜೂಲ್‌ಗೆ ಎಷ್ಟು ಮಿಲಿಗ್ರಾಂ ನಾಕ್ಸ್ ಎಂದು ಹೋಲಿಸುವುದೇ ಸರಿ.

ಕಾರ್ಬನ್ ಮಾನಾಕ್ಸೈಡ್ ಏರತೊಡಗಿದರೆ, ಜ್ವಾಲೆ ಬರ್ನರ್ ಬಾಯಿಂದ ಎದ್ದು ನಡುಗಿದರೆ, ಅಲ್ಲಿಗೆ ನಿಲ್ಲಿಸಿ ಒಂದು ಹೆಜ್ಜೆ ಹಿಂದೆ ಬನ್ನಿ. ಜ್ವಾಲೆ ಆರಿದೊಡನೆ ಅನಿಲ ಕಡಿಯುವ ಸೆನ್ಸರ್ ಇಲ್ಲದೆ ಈ ಪ್ರಯೋಗಕ್ಕೆ ಇಳಿಯಬಾರದು.

ಇಷ್ಟಾದರೂ ನಾಕ್ಸ್ ಜಗ್ಗದಿದ್ದರೆ ಇಂಧನ ಅನಿಲದಲ್ಲಿ ಅಮೋನಿಯಾ ಇದೆಯೇ ಪರೀಕ್ಷಿಸಿ. ಅದರ ಸಾರಜನಕ ತಾಪ ಕಡಿಮೆಯಿದ್ದರೂ ನಾಕ್ಸ್ ಆಗುತ್ತದೆ. ಬರ್ನರ್‌ಗೆ ಬರುವ ಮುನ್ನ ನೀರಿನಲ್ಲಿ ತೊಳೆದು ತೆಗೆಯಬೇಕು.