ಬ್ಯಾಟರಿಯ ತಪ್ಪಿರಲಿಲ್ಲ

ಸೋಮವಾರ ನಿಲ್ಲಿಸಿದ್ದ ಕಾರು ಗುರುವಾರ ಬೆಳಿಗ್ಗೆ ಬರೀ ಕಟಕಟ ಎನ್ನುತ್ತಿತ್ತು. ಸೆಲ್ಫ್ ತಿರುಗಲೇ ಇಲ್ಲ. ನಾಲ್ಕು ವರ್ಷದ ಬ್ಯಾಟರಿ, ಆಯಸ್ಸು ಮುಗಿದಿದೆ ಎಂದು ಅಂಗಡಿಯವನು ಹೇಳಿದ್ದನ್ನು ನಂಬಿ ಹೊಸದು ಹಾಕಿಸಿದೆ. ಹತ್ತು ದಿನ ಕಳೆಯುವುದರೊಳಗೆ ಮತ್ತೆ ಅದೇ ಕಟಕಟ. ಎರಡನೇ ಸಲವೂ ತಳ್ಳಲು ಬಂದ ಪಕ್ಕದ ಮನೆಯವರು, "ಒಂದು ಜೊತೆ ಎತ್ತು ಕೊಂಡುಬಿಡಿ ಸರ್" ಎಂದರು. ಆ ಮಾತು ಸ್ವಲ್ಪ ನಾಟಿತು.

ಮನೆಯಲ್ಲಿದ್ದ ಸಾಧಾರಣ ಮಲ್ಟಿಮೀಟರ್ ಹೊರಗೆ ತೆಗೆದೆ. ಎಂಜಿನ್ ಓಡುವಾಗ ಬ್ಯಾಟರಿಯ ಮೇಲೆ 14.2 ವೋಲ್ಟ್ ಇತ್ತು. ಅಂದರೆ ಎಂಜಿನ್ ಓಡುವಾಗ ಕರೆಂಟ್ ಹುಟ್ಟಿಸುವ ಆಲ್ಟರ್ನೇಟರ್ ಸರಿಯಾಗಿಯೇ ಚಾರ್ಜ್ ಮಾಡುತ್ತಿದೆ. ಚಾರ್ಜರ್ ಹಾಕಿ ತುಂಬಿಸಿ, ನೆಗೆಟಿವ್ ಕೇಬಲ್ ಬಿಚ್ಚಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ 12.6. ಬ್ಯಾಟರಿಯೂ ಗಟ್ಟಿಯಾಗಿದೆ. ಹಾಗಾದರೆ ಕಾರು ನಿಂತಲ್ಲೇ ಯಾವುದೋ ಕರೆಂಟ್ ಕುಡಿಯುತ್ತಿದೆ.

ಅದನ್ನು ಅಳೆಯಲು ಮೀಟರಿನ ಕೆಂಪು ವೈರನ್ನು 10 ಆಂಪಿಯರ್ ತೂತಿಗೆ ಹಾಕಿ, ಬಿಚ್ಚಿದ ನೆಗೆಟಿವ್ ಕೇಬಲ್‌ಗೂ ಬ್ಯಾಟರಿಯ ನೆಗೆಟಿವ್ ಕಂಬಕ್ಕೂ ನಡುವೆ ಮೀಟರ್ ಕೂರಿಸಬೇಕು. ಕೂರಿಸಿದೆ. ಆಮೇಲೆ ಅಭ್ಯಾಸಬಲದಿಂದ ಕೀ ತಿರುಗಿಸಿ ಸೆಲ್ಫ್ ಹೊಡೆದೆ! ನೂರಾರು ಆಂಪಿಯರ್ ಎಳೆಯುವ ಮೋಟಾರು ಅದು. ಮೀಟರಿನ ಫ್ಯೂಸ್ ಅಲ್ಲೇ ಸತ್ತಿತು. ಹೊಸ ಫ್ಯೂಸ್ ತರಲು ಒಂದು ಸಂಜೆ ಹೋಯಿತು.

ಮರುದಿನ ಚಾಲಕನ ಬಾಗಿಲು ತೆರೆದಿಟ್ಟು, ಅದರ ಕೊಂಡಿಯನ್ನು ಸ್ಕ್ರೂಡ್ರೈವರಿನಿಂದ ಒತ್ತಿ ಮುಚ್ಚಿದೆ. ಬಾಗಿಲು ಹಾಕಿದೆ ಎಂದೇ ಕಾರು ತಿಳಿಯಿತು, ಒಳಗಿನ ದೀಪ ಆರಿತು. ಆದರೂ ಫ್ಯೂಸ್ ಪೆಟ್ಟಿಗೆಗೆ ಕೈ ಹೋಗುತ್ತಿತ್ತು. ಲಾಕ್ ಒತ್ತಿ ಅರ್ಧ ಗಂಟೆ ಕಾದೆ. ಇದು ಮುಖ್ಯ: ಈಗಿನ ಕಾರುಗಳ ಎಲೆಕ್ಟ್ರಾನಿಕ್ಸ್ ತಕ್ಷಣ ನಿದ್ದೆಗೆ ಜಾರುವುದಿಲ್ಲ, ಮೊದಲ ನಿಮಿಷದ ಅಂಕಿ ನೋಡಿ ಗಾಬರಿಯಾಗಬಾರದು. ಸಾಮಾನ್ಯವಾಗಿ ಅದು ಕೊನೆಗೆ 0.05 ಆಂಪಿಯರಿಗಿಂತ ಕೆಳಗೆ ಇಳಿಯಬೇಕು. ನನ್ನದು 0.41ರಲ್ಲಿ ನಿಂತುಬಿಟ್ಟಿತು. ದಿನಕ್ಕೆ ಸುಮಾರು 10 ಆಂಪಿಯರ್-ಅವರ್. ನನ್ನ ಬ್ಯಾಟರಿ ತುಂಬಿದಾಗ ಹಿಡಿಯುವುದೇ 35 ಆಂಪಿಯರ್-ಅವರ್. ಸೋಮವಾರಕ್ಕೂ ಗುರುವಾರಕ್ಕೂ ಲೆಕ್ಕ ತಾಳೆಯಾಯಿತು.

ಮೊದಲ ಅನುಮಾನ ಡಿಕ್ಕಿಯ ದೀಪದ ಮೇಲೆ. 5 ವ್ಯಾಟ್ ಬಲ್ಬೂ ಹೆಚ್ಚುಕಡಿಮೆ ಇಷ್ಟೇ ಎಳೆಯುತ್ತದೆ. ಮೊಬೈಲಿನಲ್ಲಿ ವಿಡಿಯೊ ಚಾಲೂ ಮಾಡಿ ಡಿಕ್ಕಿಯೊಳಗಿಟ್ಟು ಮುಚ್ಚಿ ತೆಗೆದೆ. ವಿಡಿಯೊದಲ್ಲಿ ಬರೀ ಕತ್ತಲು. ಅದು ನಿರಪರಾಧಿ.

ಇನ್ನು ಫ್ಯೂಸ್‌ಗಳು. ಒಂದೊಂದನ್ನೇ ಕಿತ್ತು, ಮೀಟರ್ ನೋಡಿ, ವಾಪಸ್ ಸಿಕ್ಕಿಸುವುದು. ಎಂಟನೆಯದು, ನೀಲಿ ಬಣ್ಣದ 15 ಆಂಪಿಯರಿನದು, ಕೈಗೆ ಬಂದ ಕೂಡಲೇ 0.41 ಇದ್ದದ್ದು 0.03ಕ್ಕೆ ಬಿತ್ತು. ಮುಚ್ಚಳದ ಮೇಲಿನ ಚಿತ್ರದಲ್ಲಿ ಅದು ಮ್ಯೂಸಿಕ್ ಸಿಸ್ಟಮ್‌ನದು.

ಮೂರು ತಿಂಗಳ ಹಿಂದೆ ಹೊರಗಡೆ ಹಾಕಿಸಿದ್ದ ಸ್ಟೀರಿಯೊ. ಎಳೆದು ನೋಡಿದರೆ, ಸದಾ ಕರೆಂಟ್ ಇರಬೇಕಾದ ಹಳದಿ ವೈರಿಗೇ, ಕೀ ಹಾಕಿದಾಗ ಮಾತ್ರ ಬರಬೇಕಾದ ಕೆಂಪು ವೈರನ್ನೂ ತಿರುಚಿ ಟೇಪ್ ಸುತ್ತಿದ್ದರು. ಕೀ ತೆಗೆದರೂ ಅದಕ್ಕೆ ತಿಳಿಯುವುದಿಲ್ಲ. ನಾನು ಗುಂಡಿ ಒತ್ತಿ ಆರಿಸುತ್ತಿದ್ದೆ, ಪರದೆ ಕಪ್ಪಾಗುತ್ತಿತ್ತು, ಒಳಗೆ ಎಚ್ಚರವಾಗಿಯೇ ಇರುತ್ತಿತ್ತು. ಕೀ ತೆಗೆದ ಮೇಲೂ ಹಾಡು ನಿಲ್ಲದಿದ್ದಾಗಲೇ ನನಗೆ ಹೊಳೆಯಬೇಕಿತ್ತು. ಅದನ್ನೊಂದು ಸೌಕರ್ಯವೆಂದುಕೊಂಡಿದ್ದೆ.

ಕೆಂಪು ವೈರನ್ನು ಬೇರ್ಪಡಿಸಿ ಕೀಯ ಲೈನಿಗೆ ಸೇರಿಸಿದೆ. ಎಂಟು ದಿನ ಕಾರು ಮುಟ್ಟಲಿಲ್ಲ. ಒಂಬತ್ತನೆಯ ದಿನ ಅರ್ಧ ಸುತ್ತಿಗೇ ಎಂಜಿನ್ ಹಿಡಿಯಿತು. ಹಳೆಯ ಬ್ಯಾಟರಿಯನ್ನಂತೂ ಎಕ್ಸ್‌ಚೇಂಜ್‌ಗೆ ಕೊಟ್ಟಾಗಿತ್ತು.